ತ್ರೈರಾಶಿಕಕ್ಕೆ ಸಿಕ್ಕದ ಲೆಕ್ಕ

ಮನೆಯಲ್ಲಿ ಹತ್ತು ಜನಕ್ಕೆ ಹದವಾಗಿ ಸಾರು ಕಾಯಿಸಬಲ್ಲ ಗೃಹಿಣಿಯನ್ನು ಮದುವೆಯ ಚಪ್ಪರದ ಹಿಂದಣ ಕೋಡಿಯೊಲೆಯ ಮುಂದೆ ನಿಲ್ಲಿಸಿ, ಸಾವಿರ ಜನಕ್ಕೆ ಅದೇ ಸಾರನ್ನು ಮಾಡೆಂದರೆ ಆಕೆ ದಿಗಿಲುಬೀಳುವಳು. ಲೆಕ್ಕ ಬಲ್ಲವರಿಗೆ ಇದು ಸೋಜಿಗವಾಗಿ ಕಂಡೀತು. ಬೇಳೆ ನೂರ್ಮಡಿ, ಹುಳಿ ನೂರ್ಮಡಿ, ಉಪ್ಪು ನೂರ್ಮಡಿ ಹಾಕಿದರೆ ತೀರಿತಲ್ಲವೆ? ಮದುವೆಯ ಅಡಿಗೆಯವರನ್ನು ಹೀಗೆಂದು ಕೇಳಿದರೆ ಅವರು ಸೌಟನ್ನು ಕೆಳಗಿಟ್ಟು ನಗುವರು. ಕೊಪ್ಪರಿಗೆಯ ತಳದಲ್ಲಿ ಬೇಳೆ ಸೀದುಹೋಗುವ ಹೊತ್ತಿಗೆ ಮೇಲಣ ನೀರು ಇನ್ನೂ ಉಗುರುಬೆಚ್ಚಗಿರುವುದು; ಒಲೆಯಿಂದ ಇಳಿಸಿದ ಮೇಲೂ ಅದು ತನ್ನ ಕಾವಿನಿಂದ ತಾನೇ ಗಂಟೆಗಟ್ಟಲೆ ಬೇಯುತ್ತಿರುವುದು; ಹಾಕಿದ ಉಪ್ಪು ಒಂದು ಕಡೆ ಕಟುವಾಗಿಯೂ ಇನ್ನೊಂದು ಕಡೆ ಸಪ್ಪೆಯಾಗಿಯೂ ಉಳಿಯುವುದು. ಚಿಕ್ಕದನ್ನು ಹಿಗ್ಗಿಸಿದ ಮಾತ್ರಕ್ಕೆ ಅದು ದೊಡ್ಡದಾಗದು. ಬೇರೆಯದೇ ಒಂದು ವಸ್ತುವಾಗಿಬಿಡುವುದು.

ಈ ಬೇರೆತನವನ್ನೇ ಕಸುಬಾಗಿ ಮಾಡಿಕೊಂಡವಳೊಬ್ಬಳು ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಲ್ಲಿರುವಳು. ಆಕೆಯ ಹೆಸರಿನಿಂದ ವಾಚಕರಿಗೆ ಪ್ರಯೋಜನವಿಲ್ಲ. ಆಕೆಯಂಥವರು ಜಯನಗರ, ಜಯಪ್ರಕಾಶನಗರ, ಬಿ.ಟಿ.ಎಂ. ಬಡಾವಣೆಗಳ ಮನೆಗಳಲ್ಲಿ ಈಗ ಹಲವರಿರುವರು. ಬೆಳಗಿನ ಏಳು ಗಂಟೆಗೆ ಬುತ್ತಿಯ ಡಬ್ಬಿಯನ್ನು ಹಿಡಿದು ಹೊರಟು, ಒಂದು ನಿಲ್ದಾಣದಷ್ಟು ದೂರ ಹಸುರು ದಾರಿಯ ಮೆಟ್ರೋ ರೈಲಿನಲ್ಲಿ ಬಂದು, ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಇಳಿದು, ಹಳದಿ ದಾರಿಯ ರೈಲನ್ನು ಹತ್ತುವಳು. 2025ರ ಆಗಸ್ಟ್ ತಿಂಗಳಿನಲ್ಲಿ ತೆರೆದ ಈ ದಾರಿಯು ಸುಮಾರು 19 ಕಿಲೋಮೀಟರು ಉದ್ದವಿದ್ದು, ರಾಗಿಗುಡ್ಡ, ಜಯದೇವ ಆಸ್ಪತ್ರೆ ಮೊದಲಾದ ನಿಲ್ದಾಣಗಳನ್ನು ಹಾದು ಬೊಮ್ಮಸಂದ್ರವನ್ನು ಮುಟ್ಟುವುದು. ಅದಕ್ಕೆ ಮೊದಲು ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಬಸ್ಸಿನೊಳಗೆ ಕುಳಿತು ಕಳೆದ ಗಂಟೆಗಳನ್ನೆಲ್ಲ ಕೂಡಿಸಿದ್ದರೆ ಇನ್ನೊಂದು ಪದವಿಯನ್ನು ಸಂಪಾದಿಸಬಹುದಾಗಿತ್ತೆಂದು ಆಕೆ ಹೇಳುವುದುಂಟು. ಎಲೆಕ್ಟ್ರಾನಿಕ್ ಸಿಟಿ ಬಂದೊಡನೆ ಬೋಗಿ ಬಹುಮಟ್ಟಿಗೆ ಬರಿದಾಗುವುದು. ಗಣಕಯಂತ್ರದ ಕೆಲಸದವರೆಲ್ಲ ಅಲ್ಲಿ ಇಳಿದು ಹೋಗುವರು. ಆಕೆಯ ಅಣ್ಣನೂ ಇಳಿಯುವುದು ಅಲ್ಲಿಯೇ. ಆಕೆ ಮಾತ್ರ ಕುಳಿತೇ ಇದ್ದು ದಾರಿಯ ತುದಿಯಲ್ಲಿರುವ ಔಷಧದ ಕಾರ್ಖಾನೆಗಳ ಕಡೆಗೆ ಸಾಗುವಳು.

ಆಕೆಯ ಹೆಸರಿನ ಚೀಟಿಯ ಮೇಲೆ ‘ಪ್ರೋಸೆಸ್ ಡೆವಲಪ್‌ಮೆಂಟ್ ಸೈಂಟಿಸ್ಟ್’ ಎಂದು ಅಚ್ಚಾಗಿದೆ. ಇದರ ಅರ್ಥವನ್ನು ಹೇಳುವುದು ಮನೆಯವರಿಗೆ ಬಹುಕಾಲ ದೊಡ್ಡ ತೊಡಕಾಗಿತ್ತು. ಹೆಣ್ಣು ನೋಡಲು ಬಂದವರು ಕೇಳಿದಾಗ ತಾಯಿ, “ಔಷಧದ ಕೆಲಸ” ಎಂದರು. ಬಂದವರು ಅದನ್ನು ಔಷಧದ ಅಂಗಡಿಯೆಂದು ತಿಳಿದು, ಅಂಗಡಿ ಸ್ವಂತದ್ದೋ ಬಾಡಿಗೆಯದೋ ಎಂದು ವಿಚಾರಿಸಿದರು. ವೈದ್ಯನೆಂದರೆ ತಿಳಿಯುವುದು, ಇಂಜಿನಿಯರೆಂದರೆ ತಿಳಿಯುವುದು, ಅಧ್ಯಾಪಕನೆಂದರೆ ತಿಳಿಯುವುದು; ಈ ಮೂರರ ನಡುವಣ ಓಣಿಯಲ್ಲಿ ನಿಂತವಳಿಗೆ ನಮ್ಮ ಸಮಾಜದಲ್ಲಿ ಇನ್ನೂ ಒಂದು ಮಣೆಯನ್ನು ಹಾಕಿಲ್ಲ.

ತಂದೆ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತವನ್ನು ಕಲಿಸಿ ನಿವೃತ್ತರಾದವರು. ಬೀದಿಯಲ್ಲಿ ಎಲ್ಲರಿಗೂ ಅವರು ಮೇಷ್ಟರೇ. ತ್ರೈರಾಶಿಕವೆಂದರೆ ಅವರಿಗೆ ಅಪಾರ ಭಕ್ತಿ. ಐದು ಆಳು ಹತ್ತು ದಿನದಲ್ಲಿ ಕಟ್ಟಿದ ಗೋಡೆಯನ್ನು ಹತ್ತು ಆಳು ಎಷ್ಟು ದಿನದಲ್ಲಿ ಕಟ್ಟುವರೆಂಬ ಲೆಕ್ಕದಲ್ಲಿ ಲೋಕದ ನ್ಯಾಯವೆಲ್ಲ ಅಡಗಿದೆಯೆಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಮಗಳು ಜಯನಗರದ ಕಾಲೇಜೊಂದರಲ್ಲಿ ಓದಿ, ಜೈವಿಕ ತಂತ್ರಶಾಸ್ತ್ರದಲ್ಲಿ ಇಂಜಿನಿಯರಿಂಗ್ ಪದವಿಗೆ ಸೇರುವೆನೆಂದಾಗ ಅವರು ಬೇಡವೆನ್ನಲಿಲ್ಲ. ಪಿ.ಇ.ಎಸ್., ಆರ್.ವಿ., ಬಿ.ಎಂ.ಎಸ್. ಎಂಬ ಮೂರು ಕಾಲೇಜುಗಳಲ್ಲಿಯೂ ಆ ಶಾಸ್ತ್ರಕ್ಕೆ ವಿಭಾಗಗಳಿರುವುದು ಅವರಿಗೆ ಸಮಾಧಾನವನ್ನು ಕೊಟ್ಟಿತ್ತು. ಪದವಿ ಮುಗಿದ ಮೇಲೆ ಆಕೆ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ ಸಂಶೋಧನೆ ಮಾಡುವಳು, ಏನನ್ನಾದರೂ ಕಂಡುಹಿಡಿಯುವಳು ಎಂಬುದು ಅವರ ಆಸೆ. ಆಕೆ ಒಂದು ಎಂ.ಟೆಕ್. ಮುಗಿಸಿ ಕಾರ್ಖಾನೆಗೆ ಸೇರಿದಳು. ಸಂಬಳವು ಅಣ್ಣನ ಸಂಬಳದ ಅರ್ಧವೂ ಆಗಲಿಲ್ಲ.

“ಔಷಧವನ್ನು ಕಂಡುಹಿಡಿದವರು ಯಾರೋ. ಅದನ್ನು ಮಾರುವವರು ಯಾರೋ. ನಡುವೆ ನೀನು ಮಾಡುವುದೇನು?” ಎಂದು ಮೇಷ್ಟರು ಒಂದು ಸಂಜೆ ಕೇಳಿದರು. ಅದರಲ್ಲಿ ಕೊಂಕಿಗಿಂತ ವ್ಯಥೆಯೇ ಹೆಚ್ಚಾಗಿತ್ತು.

ಮಗಳು ಉತ್ತರಕ್ಕಾಗಿ ದೂರ ಹೋಗಲಿಲ್ಲ. ಮೇಷ್ಟರಿಗೆ ಹನ್ನೆರಡು ವರ್ಷದಿಂದ ಮಧುಮೇಹ. ಎರಡು ಹೊತ್ತೂ ಇನ್ಸುಲಿನ್ ಚುಚ್ಚಿಕೊಳ್ಳುವರು. ಆಕೆ ಆ ಔಷಧದ ಕಥೆಯನ್ನೇ ಹೇಳಿದಳು. 1922ರ ಜನವರಿ 11ರಂದು ಟೊರಾಂಟೋ ನಗರದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ಸಿದ್ಧಪಡಿಸಿದ ರಸವನ್ನು ಚುಚ್ಚಿದರು. ರಸದಲ್ಲಿ ಕಶ್ಮಲ ಹೆಚ್ಚಾಗಿದ್ದುದರಿಂದ ಗುಣ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಹಗಲಿರುಳು ದುಡಿದು ಅದನ್ನು ಶುದ್ಧಗೊಳಿಸಿದ ಬಳಿಕ, ಅದೇ ತಿಂಗಳ 23ರಂದು ಕೊಟ್ಟ ಮದ್ದಿನಿಂದ ಹುಡುಗನು ಚೇತರಿಸಿಕೊಂಡನು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುವುವು. ಮುಂದಿನದನ್ನು ಹೇಳುವವರು ಕಡಮೆ. ರೋಗಿಗಳು ದೂರದೂರದಿಂದ ಬರತೊಡಗಿ, ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಮಾಡಹೊರಟಾಗ ಅದು ಕೈಕೊಟ್ಟಿತು. ದೊಡ್ಡ ಪಾತ್ರೆಯಲ್ಲಿ ಮಾಡಿದ ರಸದಲ್ಲಿ ಸತ್ತ್ವವೇ ಇರಲಿಲ್ಲ. ಕೊನೆಗೆ ಮೊದಲಿನಂತೆ ಚಿಕ್ಕದರಲ್ಲಿ ಮಾಡಲೂ ಕಾಲಿಪ್ಪನಿಂದ ಆಗದೆ ಹೋಯಿತು. ಒಮ್ಮೆ ಸಿಕ್ಕ ಸಂಜೀವಿನಿ ವಾರಗಟ್ಟಲೆ ಕಳೆದುಹೋಗಿತ್ತು. ಬಹು ಕಷ್ಟದಿಂದ ಅದು ಮತ್ತೆ ಕೈಗೆ ಹತ್ತಿತು. ಆದರೂ ಒಂದು ಸಲ ಮಾಡಿದಂತೆ ಇನ್ನೊಂದು ಸಲ ಆಗುತ್ತಿರಲಿಲ್ಲ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಎಲೈ ಲಿಲ್ಲಿ ಕಾರ್ಖಾನೆಯ ಜಾರ್ಜ್ ವಾಲ್ಡನ್ ಎಂಬಾತನು, ರಸದ ಹುಳಿಯನ್ನು ಒಂದು ನಿಶ್ಚಿತವಾದ ಮಟ್ಟಕ್ಕೆ ತಂದರೆ ಇನ್ಸುಲಿನ್ ತಾನಾಗಿಯೇ ಬೇರ್ಪಟ್ಟು ತಳಕ್ಕೆ ಇಳಿಯುವುದೆಂಬುದನ್ನು ಬಳಕೆಗೆ ತಂದನು. ಆಮೇಲೆ ಮದ್ದು ಲೋಕಕ್ಕೆ ಸಾಲುವಷ್ಟು ದೊರೆಯಿತು.

“ನೊಬೆಲ್ ಬಹುಮಾನ?” ಎಂದರು ಮೇಷ್ಟರು.

“1923ರಲ್ಲಿ ಬ್ಯಾಂಟಿಂಗನಿಗೂ ಮ್ಯಾಕ್ಲಿಯಾಡನಿಗೂ.”

“ವಾಲ್ಡನನಿಗೆ?”

ಮಗಳು ನಕ್ಕು ಸುಮ್ಮನಾದಳು. ಮೇಷ್ಟರು ಹನ್ನೆರಡು ವರ್ಷ ಚುಚ್ಚಿಕೊಂಡ ಮದ್ದಿನ ಹಿಂದೆ ಅಂಥವನೊಬ್ಬನಿದ್ದನೆಂಬುದನ್ನು ಅಂದಿನವರೆಗೆ ಕೇಳಿರಲಿಲ್ಲ. ಅವರು ಆ ಹೆಸರನ್ನು ಎರಡು ಸಲ ಉಚ್ಚರಿಸಿ ನೋಡಿಕೊಂಡರು.

ಪೆನಿಸಿಲಿನ್ನಿನ ವೃತ್ತಾಂತವೂ ಇಂಥದೇ. ಫ್ಲೆಮಿಂಗನು ಬೂಷ್ಟಿನ ಗುಣವನ್ನು ಕಂಡದ್ದು 1928ರಲ್ಲಿ. 1941ರಲ್ಲಿ ಆಕ್ಸ್‌ಫರ್ಡಿನ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೋಲೀಸಿನವನಿಗೆ ಅದನ್ನು ಕೊಟ್ಟಾಗ ಗುಣ ತೋರಿತು. ಆದರೆ ಲೋಕದಲ್ಲಿದ್ದ ಮದ್ದೆಲ್ಲ ಕೆಲವೇ ದಿನಗಳಲ್ಲಿ ಮುಗಿದು, ಅವನ ಮೂತ್ರದಿಂದಲೇ ಅದನ್ನು ಮತ್ತೆ ಸೋಸಿ ತೆಗೆದು ಕೊಟ್ಟರೂ ಸಾಲದೆ, ಅವನು ಮಾರ್ಚ್ ತಿಂಗಳಿನಲ್ಲಿ ತೀರಿಕೊಂಡನು. ಔಷಧವಿದ್ದೂ ಮನುಷ್ಯ ಸತ್ತನು. ಮುಂದೆ ಅಮೆರಿಕದ ಪಿಯೋರಿಯಾ ಎಂಬ ಊರಿನಲ್ಲಿ ಜೋಳದ ಪಿಷ್ಟದ ಕಾರ್ಖಾನೆಗಳ ಕಚಡಾ ನೀರನ್ನು ಬೂಷ್ಟಿಗೆ ಉಣಿಸಲು ಕಲಿತು, ಆಳವಾದ ತೊಟ್ಟಿಗಳಲ್ಲಿ ಗಾಳಿಯೂದಿ ಅದನ್ನು ಬೆಳೆಯಿಸಲು ಕಲಿತ ಮೇಲೆ, 1944ರ ಹೊತ್ತಿಗೆ ಸೈನ್ಯಗಳಿಗೆ ಸಾಲುವಷ್ಟು ಪೆನಿಸಿಲಿನ್ ಸಿದ್ಧವಾಯಿತು. ಕಂಡುಹಿಡಿದದ್ದಕ್ಕೂ ಕೈಗೆ ಸಿಕ್ಕಿದ್ದಕ್ಕೂ ನಡುವೆ ಹದಿನಾರು ವರ್ಷ.

ಇದನ್ನು ಕೇಳಿದ ಮೇಲೆ ಮೇಷ್ಟರು ತಾವಾಗಿಯೇ ಒಂದು ಮಾತನ್ನು ನೆನೆದರು. ಅವರ ತಂದೆ ಮೈಸೂರಿನವರು. ಗಂಧದೆಣ್ಣೆಯ ಕಥೆಯನ್ನು ಹೇಳುತ್ತಿದ್ದರಂತೆ. ಮೊದಲನೆಯ ಮಹಾಯುದ್ಧದಲ್ಲಿ ಸಂಸ್ಥಾನದ ಶ್ರೀಗಂಧವನ್ನು ಯೂರೋಪಿಗೆ ಸಾಗಿಸುವ ದಾರಿ ಮುಚ್ಚಿಹೋಗಿ, ಮರವೆಲ್ಲ ಗೋದಾಮಿನಲ್ಲಿ ಬಿದ್ದಿತ್ತು. ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ಆಚಾರ್ಯರು ಅಲ್ಲಿಯೇ ಎಣ್ಣೆಯನ್ನು ಬಟ್ಟಿಯಿಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆಯಾಯಿತು. ಆ ಎಣ್ಣೆಯ ಪರಿಮಳವು ಸಾಬೂನಿನಲ್ಲಿ ಕೆಡದೆ ನಿಲ್ಲುವಂತೆ ಮಾಡಬೇಕಾಗಿತ್ತು. ಅದಕ್ಕಾಗಿ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸರ್ಕಾರದವರು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆಯನ್ನು ಕಲಿಸಿದರು. ಹಾಗೆ 1918ರಲ್ಲಿ ಹುಟ್ಟಿದ ಸಾಬೂನು ಇಂದಿಗೂ ಕನ್ನಡಿಗರ ಬಚ್ಚಲುಮನೆಯಲ್ಲಿದೆ. ಶಾಸ್ತ್ರಿಗಳಿಗೆ ಜನರು ‘ಸೋಪ್ ಶಾಸ್ತ್ರಿ’ ಎಂದು ಹೆಸರಿಟ್ಟರು. ಶ್ರೀಗಂಧವನ್ನಾಗಲಿ ಸಾಬೂನನ್ನಾಗಲಿ ಶಾಸ್ತ್ರಿಗಳು ಕಂಡುಹಿಡಿಯಲಿಲ್ಲ. ಬಟ್ಟಲಿನಲ್ಲಿ ಆಗುವುದು ಕೊಪ್ಪರಿಗೆಯಲ್ಲಿಯೂ ಆಗುವಂತೆ ಮಾಡಿದರು. “ನೀನು ಆ ಶಾಸ್ತ್ರಿಗಳ ಜಾತಿಯವಳೋ?” ಎಂದು ಮೇಷ್ಟರು ಕೇಳಿದರಂತೆ. ಮನೆಯಲ್ಲಿ ಆಕೆಯ ಉದ್ಯೋಗಕ್ಕೆ ಒಂದು ಹೆಸರು ಸಿಕ್ಕಿದ್ದು ಅಂದು.

ದಕ್ಷಿಣ ಬೆಂಗಳೂರಿನ ಈ ವಿದ್ಯೆಯ ಈಚಿನ ಚರಿತ್ರೆಯೂ ಬಟ್ಟಲು ಕೊಪ್ಪರಿಗೆಯಾದ ಕಥೆಯೇ. 1978ರಲ್ಲಿ ಕೋರಮಂಗಲದ ಬಾಡಿಗೆಯ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ ಕಿರಣ್ ಮಜುಂದಾರ್ ಅವರು ಹತ್ತು ಸಾವಿರ ರೂಪಾಯಿಯ ಬಂಡವಾಳದಿಂದ ಬಯೋಕಾನ್ ಸಂಸ್ಥೆಯನ್ನು ತೆರೆದರು. ಅವರು ಆಸ್ಟ್ರೇಲಿಯಾದಲ್ಲಿ ಬಿಯರು ತಯಾರಿಸುವ ವಿದ್ಯೆಯನ್ನು ಕಲಿತು 1975ರಲ್ಲಿ ಅರ್ಹತೆ ಪಡೆದಿದ್ದರು. ಅದು ಗಂಡಸರ ಕೆಲಸವೆಂದು ಈ ದೇಶದ ಭಟ್ಟಿಗಳವರು ಬಾಗಿಲನ್ನು ತೆರೆಯಲಿಲ್ಲ. ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನೂ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್ ಎಂಬ ಪದಾರ್ಥವನ್ನೂ ತೆಗೆಯುವುದು ಆ ಕೊಟ್ಟಿಗೆಯ ಮೊದಲ ಕೆಲಸವಾಗಿತ್ತು. ತರುವಾಯ ಒದ್ದೆಯಾದ ಧಾನ್ಯದಂಥ ಘನಪದಾರ್ಥದ ಮೇಲೆ ಬೂಷ್ಟನ್ನು ಬೆಳೆಯಿಸಿ ಕಿಣ್ವಗಳನ್ನು ಪಡೆಯುವ ವಿಧಾನವನ್ನು ಕೈಗೊಂಡರು. ಬೂಷ್ಟು ಬೆಳೆಯುವಾಗ ಕಾವು ಹುಟ್ಟುವುದು. ತೆಳ್ಳಗೆ ಹರಡಿದ ತಟ್ಟೆಯಲ್ಲಿ ಆ ಕಾವು ಗಾಳಿಗೆ ಹಾರಿಹೋಗುವುದು, ದಪ್ಪನಾಗಿ ಒಟ್ಟಿದರೆ ಒಳಗೇ ನಿಂತು ಬೂಷ್ಟನ್ನು ಕೊಲ್ಲುವುದು. ಇಂಥ ತೊಡಕುಗಳನ್ನೆಲ್ಲ ಬಿಡಿಸಿಕೊಂಡು ಆ ವಿಧಾನವು ಪ್ರಯೋಗದ ಮಟ್ಟದಿಂದ ಕಾರ್ಖಾನೆಯ ಮಟ್ಟಕ್ಕೆ ಏರಿದ್ದು 1990ರಲ್ಲಿ. 2004ರಲ್ಲಿ ಅದೇ ಸಂಸ್ಥೆಯವರು ಪಿಚಿಯಾ ಎಂಬ ಹುದುಗಿನಿಂದ ಮನುಷ್ಯರ ಇನ್ಸುಲಿನ್ನನ್ನು ತಯಾರಿಸಿ ಮಾರುಕಟ್ಟೆಗೆ ತಂದರು. ಟೊರಾಂಟೋವಿನಲ್ಲಿ ಪ್ರಾಣಿಗಳ ಗ್ರಂಥಿಯಿಂದ ಹಿಂಡುತ್ತಿದ್ದುದನ್ನು ಹೊಸೂರು ರಸ್ತೆಯ ತೊಟ್ಟಿಯಲ್ಲಿ ಹುದುಗು ಮಾಡಿಕೊಡುವಂತಾಯಿತು. ಆ ಕಡೆಯ ಒಂದು ಮೆಟ್ರೋ ನಿಲ್ದಾಣಕ್ಕೆ ಈಗ ಸಂಸ್ಥೆಯ ಹೆಸರೇ ಇದೆ.

ಈಕೆಯ ಕಾರ್ಖಾನೆ ಯಾವುದೆಂಬುದು ಇಲ್ಲಿ ಅಪ್ರಸ್ತುತ. ಅಲ್ಲಿ ಆಕೆ ಸಾಕುವುದು ಹುದುಗನ್ನಲ್ಲ; 1957ರಲ್ಲಿ ಥಿಯೊಡೋರ್ ಪಕ್ ಎಂಬ ವಿಜ್ಞಾನಿ ಚೀನಾದೇಶದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ಬೇರ್ಪಡಿಸಿದ ಜೀವಕೋಶಗಳ ಸಂತತಿಯನ್ನು. ಆ ಪ್ರಾಣಿ ಸತ್ತು ಎಷ್ಟೋ ಕಾಲವಾಯಿತು; ಅದರ ಕೋಶಗಳು ಮಾತ್ರ ಲೋಕದ ಕಾರ್ಖಾನೆಗಳಲ್ಲಿ ಇನ್ನೂ ಇಮ್ಮಡಿಯಾಗುತ್ತಲೇ ಇರುವುವು. ಅವಕ್ಕೆ ಅರ್ಬುದ ಮೊದಲಾದ ರೋಗಗಳ ಮದ್ದಾಗುವ ಪ್ರೋಟೀನನ್ನು ಮಾಡುವಂತೆ ಕಲಿಸಿರುತ್ತಾರೆ. ಹೆಬ್ಬೆರಳಿನಷ್ಟು ಶೀಸೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಕೋಶಗಳನ್ನು ಕರಗಿಸಿ, ಮೊದಲು ಚಿಕ್ಕ ಕೂಜೆಗೂ ಅಲ್ಲಿಂದ ದೊಡ್ಡ ಪಾತ್ರೆಗೂ ಏರಿಸಿಕೊಂಡು ಹೋಗುವರು. ಮನೆಯಲ್ಲಿ ಹೆಪ್ಪಿನಿಂದ ಮೊಸರು, ಆ ಮೊಸರಿನಿಂದ ಮತ್ತೆ ಹೆಪ್ಪು ಮಾಡುವಂತೆ. ಕೊನೆಯ ತೊಟ್ಟಿಯಲ್ಲಿ ಅವು ಸುಮಾರು ಎರಡು ವಾರ ಬಾಳುವುವು. ಕಾವು, ಹುಳಿ, ಆಹಾರ, ಆಮ್ಲಜನಕ, ಕಲಕುವ ವೇಗ, ಇವುಗಳಲ್ಲಿ ಯಾವುದು ಕೊಂಚ ತಪ್ಪಿದರೂ ಅವು ಮುನಿಯುವುವು. ಚಳಿಗಾಲದ ರಾತ್ರಿ ಇಡ್ಲಿಯ ಹಿಟ್ಟು ಹುದುಗೇಳದಿದ್ದರೆ ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ಮಾಡಬಹುದು. ಇಲ್ಲಿ ಅಂಥ ಪರ್ಯಾಯವಿಲ್ಲ.

ಹದವನ್ನು ಕಂಡುಕೊಳ್ಳುವ ಬಗೆಯೂ ಒಂದು ವಿದ್ಯೆ. ಏಳು ಸಂಗತಿಗಳಿದ್ದು, ಒಂದೊಂದನ್ನೂ ಮೂರು ಮಟ್ಟಗಳಲ್ಲಿ ಪರೀಕ್ಷಿಸಬೇಕಾದರೆ 2187 ಪ್ರಯೋಗಗಳಾಗುವುವು. ಒಂದಕ್ಕೆ ಹದಿನಾಲ್ಕು ದಿನದಂತೆ ಒಂದೇ ಪಾತ್ರೆಯಲ್ಲಿ ಮಾಡುತ್ತ ಹೋದರೆ ಎಷ್ಟು ಕಾಲ ಬೇಕೆಂದು ಮೇಷ್ಟರು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿ, “84 ವರ್ಷ” ಎಂದರು. ಆದರೆ ಜಾಣತನದಿಂದ ಆರಿಸಿಕೊಂಡ ಹದಿನೆಂಟೋ ಇಪ್ಪತ್ತೇಳೋ ಪ್ರಯೋಗಗಳಿಂದ ಬಹುಪಾಲು ತಿಳಿದುಬರುವುದು. ಹಾಗೆ ಆರಿಸುವ ಕೋಷ್ಟಕಗಳ ಮೂಲದಲ್ಲಿರುವ ಗಣಿತವನ್ನು 1940ರ ದಶಕದಲ್ಲಿ ಕೊಟ್ಟವರು ಸಿ. ಆರ್. ರಾವ್ ಅವರು, ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಈ ಮಾತನ್ನು ಕೇಳಿ ಮೇಷ್ಟರಿಗೆ ಆದ ಸಂತೋಷವನ್ನು ಹೇಳತೀರದು.

ಇಷ್ಟಾದರೂ ಆಕೆಯ ಉದ್ಯೋಗದಲ್ಲಿ ನಿಜವಾದ ಪರೀಕ್ಷೆ ಬಂದದ್ದು ಲೆಕ್ಕದ ರೂಪದಲ್ಲಿ ಅಲ್ಲ. ಅದು 2019ರ ಮಳೆಗಾಲದ ಸಂಗತಿ. ಎರಡು ಲೀಟರಿನ ಗಾಜಿನ ಪಾತ್ರೆಯಲ್ಲಿ ಹನ್ನೊಂದು ಸಲ ತಪ್ಪದೆ ಆದ ವಿಧಾನವನ್ನು ಆಕೆ ಬರೆದು, ಸಹಿ ಹಾಕಿ, ಎರಡು ಸಾವಿರ ಲೀಟರಿನ ತೊಟ್ಟಿಯವರಿಗೆ ಒಪ್ಪಿಸಿದ್ದಳು. ಆರನೆಯ ದಿನ ರಾತ್ರಿ ತೊಟ್ಟಿಯಲ್ಲಿ ಕೋಶಗಳು ಸಾಯತೊಡಗಿದುವು. ಎಂಟನೆಯ ದಿನ ಎಲ್ಲವನ್ನೂ ಚರಂಡಿಗೆ ಬಿಡಬೇಕಾಯಿತು. ನಷ್ಟ ಬಹಳವಾಗಿತ್ತು. ವಿಚಾರಣೆಗೆ ಕುಳಿತವರ ಕಣ್ಣು ಆ ರಾತ್ರಿಯ ಪಾಳಿಯಲ್ಲಿದ್ದ ನೌಕರನ ಮೇಲೆ ಬಿದ್ದಿತು. ಅವನು ಆನೇಕಲ್ಲಿನ ಕಡೆಯವನು; ಡಿಪ್ಲೊಮಾ ಮಾಡಿಕೊಂಡು ಬಂದವನು. ಆ ರಾತ್ರಿ ಕ್ಷಾರದ ದ್ರಾವಣವು ವಾಡಿಕೆಗಿಂತ ಬಹಳ ಹೆಚ್ಚಾಗಿ ತೊಟ್ಟಿಗೆ ಇಳಿದಿತ್ತು. ಅವನು ಕವಾಟವನ್ನು ತಪ್ಪಾಗಿ ತೆರೆದಿರಬೇಕೆಂದು ಒಬ್ಬರು ಹೇಳಿದರು, ಉಳಿದವರು ತಲೆದೂಗಿದರು. ಅವನ ಬರವಣಿಗೆಯ ಪುಸ್ತಕದಲ್ಲಿ ಗಂಟೆಗಂಟೆಯ ಅಂಕಿಗಳೂ ಮುದ್ದಾಗಿ ಬರೆದಿದ್ದುವು. ಬರೆಯದೆ ಬಿಟ್ಟದ್ದು ಮಾಡಲಿಲ್ಲವೆಂದೇ ಅರ್ಥವೆಂಬುದು ಆ ಕಾರ್ಖಾನೆಗಳ ಶಾಸನ; ಆದರೆ ಬರೆದದ್ದೆಲ್ಲ ನಿಜವೆಂದು ಯಾರೂ ಅನ್ನುವುದಿಲ್ಲ.

ಆಕೆಗೆ ಅದು ಎಷ್ಟು ಅನುಕೂಲವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ತಪ್ಪು ಅವನದಾದರೆ ವಿಧಾನವು ನಿರ್ದೋಷಿ. ಅವನದಲ್ಲವಾದರೆ ತಪ್ಪು ವಿಧಾನದ್ದು, ಎಂದರೆ ಆಕೆಯದು. ಆ ವರ್ಷ ಆಕೆಗೆ ಬಡ್ತಿಯ ಮಾತೂ ನಡೆದಿತ್ತು. ಸುಮ್ಮನಿದ್ದರೆ ಸಾಕಾಗಿತ್ತು, ಸುಳ್ಳೊಂದನ್ನೂ ಹೇಳಬೇಕಾಗಿರಲಿಲ್ಲ. ಮೂರು ರಾತ್ರಿ ಆಕೆ ನಿದ್ರೆಮಾಡಲಿಲ್ಲ. ಅಣ್ಣನು, “ಇದನ್ನೆಲ್ಲ ಬಿಟ್ಟು ನಮ್ಮ ಕಡೆಗೆ ಬಂದುಬಿಡು, ಗಣಕಯಂತ್ರದಲ್ಲಿ ಏನೂ ಸಾಯುವುದಿಲ್ಲ” ಎಂದನು. ಆ ಮಾತಿನಲ್ಲಿ ಪ್ರೀತಿಯಿತ್ತು, ಸತ್ಯವೂ ಇತ್ತು.

ನಾಲ್ಕನೆಯ ದಿನ ಆಕೆ ತನ್ನ ಮೇಲಧಿಕಾರಿಯಲ್ಲಿ ಆರು ವಾರದ ಅವಧಿಯನ್ನು ಕೇಳಿದಳು.

ಆ ದಿನಗಳಲ್ಲಿ ಮೇಷ್ಟರು ಮಗಳ ಮುಖವನ್ನು ನೋಡಿ ವಿಚಾರಿಸಿದರು. ಆಕೆ ಒಂದು ಹಾಳೆಯ ಮೇಲೆ ಘನಾಕೃತಿಯನ್ನು ಬರೆದಳು. ಭುಜವು ಎರಡರಷ್ಟಾದರೆ ಮೇಲ್ಮೈ ನಾಲ್ಕರಷ್ಟು, ಘನಫಲ ಎಂಟರಷ್ಟು. ಭುಜವು ಹತ್ತರಷ್ಟಾದರೆ ಮೇಲ್ಮೈ ನೂರರಷ್ಟು, ಘನಫಲ ಸಾವಿರದಷ್ಟು. ಇದನ್ನು ಮೇಷ್ಟರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರೇ ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಪಾಠ ಅದು. ದೈತ್ಯನ ಎಲುಬು ಮನುಷ್ಯನ ಎಲುಬಿನ ಹಿಗ್ಗಿದ ರೂಪವಾಗಿದ್ದರೆ ಅವನು ನಿಲ್ಲಲಾರನೆಂದು ಗೆಲಿಲಿಯೋ 1638ರಲ್ಲಿಯೇ ಬರೆದನು. ಚಿಕ್ಕ ಪಾತ್ರೆಯಲ್ಲಿ ಕೋಶಗಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ವಾಯುವು ಅಗಲವಾದ ಮೇಲ್ಮೈಯಿಂದ ಸುಲಭವಾಗಿ ಹೊರಟುಹೋಗುವುದು. ಆಳವಾದ ತೊಟ್ಟಿಯಲ್ಲಿ ಅಷ್ಟೊಂದು ಉಸಿರಿಗೆ ಅಷ್ಟು ಕಿರಿದಾದ ಬಾಗಿಲು! “ಹಾಗಾದರೆ ಅದು ಒಳಗೇ ನಿಲ್ಲಬೇಕಲ್ಲ?” ಎಂದರು ಮೇಷ್ಟರು. ಮಗಳ ಅನುಮಾನವೂ ಅದೇ ಆಗಿತ್ತು.

ಅನುಮಾನವನ್ನು ಪರೀಕ್ಷಿಸಲು ಇನ್ನೊಂದು ತೊಟ್ಟಿಯನ್ನು ಹಾಳುಮಾಡುವಂತಿರಲಿಲ್ಲ. ಆದುದರಿಂದ ಆಕೆ ತಲೆಕೆಳಗಾದ ದಾರಿಯನ್ನು ಹಿಡಿದಳು. ಚಿಕ್ಕದನ್ನು ದೊಡ್ಡದು ಮಾಡುವ ಬದಲು, ದೊಡ್ಡದರ ರೋಗವನ್ನು ಚಿಕ್ಕದಕ್ಕೆ ಅಂಟಿಸಿದಳು. ಆರೋಗ್ಯವಾಗಿದ್ದ ಎರಡು ಲೀಟರಿನ ಪಾತ್ರೆಗಳಿಗೆ, ತೊಟ್ಟಿಯಲ್ಲಿ ನಿಂತಿದ್ದಿರಬಹುದಾದಷ್ಟೇ ಇಂಗಾಲಾಮ್ಲ ವಾಯುವನ್ನು ಬೇಕೆಂದೇ ಊದಿದಳು. ವಾಯುವು ನೀರಿನಲ್ಲಿ ಕರಗಿ ಹುಳಿಯಾಯಿತು. ಹುಳಿಯನ್ನು ತಗ್ಗಿಸಲು ಯಂತ್ರವು ತಾನಾಗಿಯೇ ಕ್ಷಾರವನ್ನು ಇಳಿಸಿತು. ಕ್ಷಾರದಿಂದ ಲವಣಾಂಶವು ಏರಿತು. ಆರನೆಯ ದಿನ ರಾತ್ರಿ ಗಾಜಿನ ಪಾತ್ರೆಗಳಲ್ಲಿಯೂ ಕೋಶಗಳು ಸತ್ತುವು. ತನ್ನ ಊಹೆ ನಿಜವಾದುದಕ್ಕೆ ಹಿಗ್ಗಬೇಕೋ ಅಳಬೇಕೋ ತಿಳಿಯದೆ ಆಕೆ ಪಾತ್ರೆಗಳ ಮುಂದೆ ಬಹಳ ಹೊತ್ತು ನಿಂತಿದ್ದಳೆಂದು ಜೊತೆಯವರು ಹೇಳುವರು.

ಆನೇಕಲ್ಲಿನವನು ಕವಾಟವನ್ನು ಮುಟ್ಟಿಯೇ ಇರಲಿಲ್ಲ. ಕ್ಷಾರವನ್ನು ಇಳಿಸಿದ್ದು ಯಂತ್ರ. ಇಳಿಸುವಂತೆ ಮಾಡಿದ್ದು ಆಕೆಯ ವಿಧಾನ. ಆಮ್ಲಜನಕ ಚೆನ್ನಾಗಿ ಬೆರೆಯಲೆಂದು ಆಕೆ ಬಹು ಸಣ್ಣ ಗುಳ್ಳೆಗಳನ್ನು ವಿಧಿಸಿದ್ದಳು. ಸಣ್ಣ ಗುಳ್ಳೆ ಆಮ್ಲಜನಕವನ್ನು ಕೊಡುವುದರಲ್ಲಿ ನಿಪುಣ. ಕೆಟ್ಟ ವಾಯುವನ್ನು ಹೊತ್ತು ಹೊರಗೆ ಹಾಕುವುದರಲ್ಲಿ ಸೋಮಾರಿ, ಏಕೆಂದರೆ ಅದರ ಪುಟ್ಟ ಹೊಟ್ಟೆ ದಾರಿಯಲ್ಲಿಯೇ ತುಂಬಿಹೋಗುವುದು. ದೊಡ್ಡ ಗುಳ್ಳೆಗಳನ್ನು ಕೊಂಚ ಬೆರಸಿ, ಗಾಳಿಯನ್ನು ಹೆಚ್ಚಿಸಿದರೆ ಸಾಕಾಗುತ್ತಿತ್ತು. ಇದನ್ನೆಲ್ಲ ಆಕೆ ವರದಿಯಲ್ಲಿ ಬರೆದು, ಕಾರಣವೆಂಬ ಅಂಕಣದಲ್ಲಿ ತನ್ನ ವಿಧಾನದ ಹೆಸರನ್ನು ಬರೆದು, ಕೆಳಗೆ ಸಹಿ ಹಾಕಿದಳು. ಬಡ್ತಿಯು ಆ ವರ್ಷ ಇನ್ನೊಬ್ಬರಿಗೆ ಹೋಯಿತು. ಮುಂದಿನ ಜನವರಿಯಲ್ಲಿ ತೊಟ್ಟಿಯಲ್ಲಿ ಹದಿನಾಲ್ಕು ದಿನವೂ ಕೋಶಗಳು ಚೆನ್ನಾಗಿ ಬಾಳಿದುವು.

ವರದಿಯಲ್ಲಿ ಏನಿದೆಯೆಂದು ಆಕೆ ಆ ನೌಕರನಿಗೆ ಹೇಳಲಿಲ್ಲ. ಹೊಸ ವಿಧಾನದ ಪ್ರತಿಯನ್ನು ಓದಿ ಸಹಿ ಮಾಡಬೇಕಾದವರಲ್ಲಿ ಅವನೂ ಒಬ್ಬನಾಗಿದ್ದುದರಿಂದ, ಹಳೆಯದನ್ನು ಏಕೆ ಬದಲಾಯಿಸಿದರೆಂಬ ಕಾರಣವನ್ನು ಅವನು ಅಲ್ಲಿಯೇ ಓದಿಕೊಂಡಿರಬೇಕು. ಅವನೂ ಏನೂ ಹೇಳಲಿಲ್ಲ. ಅವರೆಕಾಯಿಯ ಕಾಲದಲ್ಲಿ ಒಂದು ಶನಿವಾರ ಬನಶಂಕರಿಯ ಮನೆಯ ಮುಂದೆ ಯಾರೋ ಒಂದು ಗೋಣಿಚೀಲವನ್ನು ಇಳಿಸಿ, “ಮೇಡಂ ಅವರಿಗೆ, ನಮ್ಮ ಹೊಲದ್ದು” ಎಂದು ಹೇಳಿ ಹೊರಟುಹೋದರು. ಸೊಗಡು ಬೀದಿಗೆಲ್ಲ ಹರಡಿತ್ತು.

ತಾಯಿ ಚೀಲವನ್ನು ನೋಡಿ, ನಾಲ್ಕು ಜನರ ಮನೆಗೆ ಇಷ್ಟನ್ನು ಏನು ಮಾಡುವುದೆಂದರು. ಅಕ್ಕಪಕ್ಕದ ಮನೆಯವರನ್ನೆಲ್ಲ ಊಟಕ್ಕೆ ಕರೆಯುವುದೆಂದು ತೀರ್ಮಾನವಾಯಿತು. ಎಷ್ಟು ಜನ, ಎಷ್ಟು ಕಾಳು, ಎಷ್ಟು ಉಪ್ಪು ಎಂದು ಮೇಷ್ಟರು ಕಾಗದವನ್ನು ತೆಗೆದುಕೊಂಡು ಲೆಕ್ಕ ಹಾಕಹೊರಟರು. ಎರಡು ಸಾಲು ಬರೆದು ನಿಲ್ಲಿಸಿ, ಮಗಳ ಕಡೆ ನೋಡಿ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮಧ್ಯಾಹ್ನ ಸಾರಿನ ಹದವನ್ನು ತಾಯಿ ಮೂರು ಸಲ ನಾಲಗೆಯ ಮೇಲೆ ನೋಡಿ ಸರಿಮಾಡಿದರು. ಎಲೆ ಹಾಕಿದ ಮೇಲೆ ಮೇಷ್ಟರು ಒಳಗಣ ಕೋಣೆಗೆ ಹೋಗಿ, ಕನ್ನಡಕವನ್ನೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಗೆರೆಗಳನ್ನೆಣಿಸಿ, ಎಂದಿನಂತೆ ಔಷಧವನ್ನು ಚುಚ್ಚಿಕೊಂಡು ಬಂದು ಕುಳಿತರು.